ಕೊಬ್ಬರಿ ಎಣ್ಣೆ ಮತ್ತು ಪಕ್ಕದ ಸ್ಟೂಲಿನವರು

ತಪ್ಪನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ, ಬೇರೆ ಯಾರೋ ಹೇಳಿ ನಿಮಗೆ ಗೊತ್ತಾಗುವುದು ಬೇಡ. ಹೊಳೆನರಸೀಪುರದ ಒಂದು ಮದುವೆಮನೆಯಲ್ಲಿ, ಊರೆಲ್ಲ ಸೇರಿದ್ದಾಗ, ನಾನು ಒಬ್ಬ ಗಾಯಕಿಯನ್ನು ಗಂಡಸು ಮಾಡಿದೆ. ಅಂತಿಂಥ ಗಂಡಸಲ್ಲ, ನೆಗಡಿಯಾಗಿ ಕಂಬಳಿ ಹೊದ್ದು ಕೂತ, ಯಾರ ಮೇಲೋ ಮುನಿಸಿಕೊಂಡ ಗಂಡಸು. ಎರಡು ಗಂಟೆ ಕಳೆಯುವುದರೊಳಗೆ ಅದೇ ಗಾಯಕಿಯನ್ನು ಅಳಿಲು ಮಾಡಿದೆ. ಇಷ್ಟಕ್ಕೂ ಕಾರಣ ಗ್ರಾಮಫೋನಿನ ಹೊಟ್ಟೆಗೆ ನಾನು ಹಾಕಿದ ಕೊಬ್ಬರಿ ಎಣ್ಣೆ. ಕೊಬ್ಬರಿ ಎಣ್ಣೆಗೆ ಕಾರಣ ನನ್ನ ಹೊಟ್ಟೆಯೊಳಗಿದ್ದ ಕಿಚ್ಚು. ಕಿಚ್ಚಿಗೆ ಕಾರಣ ನನ್ನ ಪಕ್ಕದ ಸ್ಟೂಲಿನಲ್ಲಿ ಕೂರುತ್ತಿದ್ದವರು.

ಅವರು ಹೋದ ತಿಂಗಳು ತೀರಿಕೊಂಡರು. ಅವರ ಹೆಸರನ್ನು ನಾನು ಬರೆಯುವುದಿಲ್ಲ. ಹಾಸನದಿಂದ ಹಿರೀಸಾವೆಯವರೆಗೆ ಗ್ರಾಮಫೋನ್ ಇದ್ದ ಮನೆಯವರೆಲ್ಲ ಆ ಹೆಸರನ್ನು ಹೇಳಿ ಹೇಳಿ ಸವೆಸಿದ್ದಾರೆ. ಹೇಳದ ಬಾಯಿ ಒಂದಾದರೂ ಇರಲಿ, ಅದು ನನ್ನದೇ ಆಗಿರಲಿ.

ಹಾಸನದ ಬಸ್ ಸ್ಟ್ಯಾಂಡಿನ ಹಿಂದೆ ತಗಡಿನ ಸೂರಿನ ಒಂದು ಅಂಗಡಿ ಇತ್ತು. ಮುಂದೆ ಸೈಕಲ್ ರಿಪೇರಿ, ಒಳಗೆ ಗ್ರಾಮಫೋನ್ ರಿಪೇರಿ. ಒಳಗಿನ ಮೇಜಿಗೆ ಎರಡು ಸ್ಟೂಲು. ಒಂದರ ಮೇಲೆ ಅವರು, ಇನ್ನೊಂದರ ಮೇಲೆ ನಾನು. ಅವರಿಗೆ ಆಗ ನಲವತ್ತರ ಹತ್ತಿರ, ನನಗೆ ಇಪ್ಪತ್ತೊಂದು. ಅವರು ಚನ್ನರಾಯಪಟ್ಟಣದ ಕಡೆಯ ಜೈನರು, ಬಿಳಿ ಪಂಚೆ, ಬಿಳಿ ಅಂಗಿ. ದಿನವಿಡೀ ಗ್ರೀಸಿನಲ್ಲಿ ಕೈ ಆಡಿಸಿದರೂ ಸಂಜೆ ಆ ಅಂಗಿಯ ಮೇಲೆ ಒಂದು ಚುಕ್ಕೆ ಇರುತ್ತಿರಲಿಲ್ಲ. ನಾನು ಅಂಗಡಿಯ ಬಾಗಿಲು ದಾಟಿದರೆ ಸಾಕು, ಗ್ರೀಸು ತಾನಾಗಿಯೇ ಎದ್ದು ಬಂದು ನನ್ನ ಕಿವಿಯ ಹಿಂದೆ ಕೂರುತ್ತಿತ್ತು.

ಅವರ ಕೈಗುಣವೆಲ್ಲ ಇದ್ದದ್ದು ಗೌರ್ನರ್ ರಿಪೇರಿಯಲ್ಲಿ. ಕೀ ಕೊಟ್ಟು ಬಿಗಿ ಮಾಡಿದ ಸ್ಪ್ರಿಂಗು ಒಂದೇ ಏಟಿಗೆ ಬಿಚ್ಚಿಕೊಳ್ಳಲು ನೋಡುತ್ತದಲ್ಲ, ಅದಕ್ಕೆ ಮೂಗುದಾರ ಹಾಕುವ ಸಾಮಾನು ಗೌರ್ನರ್. ಪೆನ್ಸಿಲ್ಲಿಗಿಂತ ತೆಳ್ಳನೆಯ ಒಂದು ಕಡ್ಡಿ, ಸುತ್ತ ಮೂರು ತೆಳು ಉಕ್ಕಿನ ಪಟ್ಟಿ, ಒಂದೊಂದು ಪಟ್ಟಿಗೂ ಒಂದೊಂದು ಗುಂಡು. ಕಡ್ಡಿ ತಿರುಗಿದಂತೆ ಗುಂಡುಗಳು ಹೊರಕ್ಕೆ ಉಬ್ಬುತ್ತವೆ. ಉಬ್ಬಿದಷ್ಟೂ ಒಂದು ಹಿತ್ತಾಳೆ ಬಿಲ್ಲೆ ಸರಿದು ಬಂದು, ಎಣ್ಣೆ ಕುಡಿದ ತೊಗಲಿನ ಚೂರಿಗೆ ಉಜ್ಜಿ, ವೇಗ ತಗ್ಗುತ್ತದೆ. ಒಂದು ಪಟ್ಟಿ ಮುರಿದರೆ, ಇಲ್ಲವೇ ತೊಗಲು ಒಣಗಿದರೆ, ಹಾಡು ಕುಡಿದವನ ಹಾಗೆ ನಡೆಯುತ್ತದೆ. ರಾಜ್ಯಕ್ಕೆ ಗೌರ್ನರ್ ಬರುವ ಮೊದಲೇ ನಮ್ಮ ಮೇಜಿನ ಮೇಲೆ ಅರ್ಧ ಡಜನ್ ಗೌರ್ನರುಗಳು ಕಾಲು ಮುರಿದುಕೊಂಡು ಬಿದ್ದಿರುತ್ತಿದ್ದವು.

ಗಿರಾಕಿಗಳು ಗ್ರಾಮಫೋನ್ ಬಾಕ್ಸು ಹೊತ್ತು ಬರುವರು. ನನ್ನನ್ನು ನೋಡುವರು. ಖಾಲಿ ಇದ್ದ ಅವರ ಸ್ಟೂಲು ನೋಡುವರು. "ಅವ್ರಿಲ್ವಾ?" ಎನ್ನುವರು. ಬಾಕ್ಸನ್ನು ಮಗುವಿನ ಹಾಗೆ ತೊಡೆಯ ಮೇಲೆ ಇಟ್ಟುಕೊಂಡು ಕೂರುವರು. ನಾನು ಕೈ ಚಾಚಿದರೆ ಇನ್ನಷ್ಟು ಅವುಚಿಕೊಳ್ಳುವರು. ಮೂರು ವರ್ಷ ಆ ಸ್ಟೂಲಿನಲ್ಲಿ ಕೂತೆ. ಮೂರು ವರ್ಷದಲ್ಲಿ ಒಬ್ಬ ಗಿರಾಕಿಯಾದರೂ ತಾನಾಗಿ, ಮನಸ್ಸಾರೆ, ನನ್ನ ಕೈಗೆ ಒಂದು ಬಾಕ್ಸು ಕೊಡಲಿಲ್ಲ. ನನಗೆ ಬೇಕಾಗಿದ್ದದ್ದು ಅದೊಂದೇ. ಹೆಚ್ಚಿನ ಸಂಬಳ ಬೇಡ, ಹಾರ ಬೇಡ. ಒಬ್ಬರು ಬಂದು, ಅವರ ಸ್ಟೂಲಿನ ಕಡೆ ಕಣ್ಣು ಹಾಯಿಸದೆ, "ತಕೊಳ್ಳಪ್ಪ" ಎಂದು ನನಗೆ ಬಾಕ್ಸು ಕೊಡಬೇಕು. ಅಷ್ಟೆ.

ಒಮ್ಮೆ ಅರಕಲಗೂಡಿನ ಗೌಡರೊಬ್ಬರು ಹೀಗೆಯೇ ಬಂದು ಕೂತರು. ಪಕ್ಕದ ಸ್ಟೂಲಿನವರು ಊಟಕ್ಕೆ ಹೋಗಿದ್ದರು. ಅವರದು ಹೊತ್ತು ಮುಳುಗುವ ಮೊದಲಿನ ಊಟ. ಸಂಜೆ ಐದೂವರೆಯಾದರೆ ಮೈಸೂರಿನ ಮಹಾರಾಜರೇ ಬಾಕ್ಸು ಹೊತ್ತು ಬಂದರೂ ನಿಲ್ಲುತ್ತಿರಲಿಲ್ಲ.

"ನಾನೂ ಮಾಡ್ತೀನಿ ಗೌಡ್ರೆ, ಕೊಡಿ" ಎಂದೆ.

"ನೀನ್ ಸೈಕಲ್ ಪಂಚರ್ ಆಕ್ಕಳಪ್ಪ."

"ಸೈಕಲ್ ಬೇರೆಯೋರು. ನಾನು ಇದೇ ಟೇಬಲ್ಲು."

"ಅಂಗಾ. ಮುಖ ನೋಡುದ್ರೆ ಗೊತ್ತಾಗಲ್ಲ."

ಕಾಡಿ ಬೇಡಿ ಬಾಕ್ಸನ್ನು ಕಿತ್ತುಕೊಂಡೆ ಅನ್ನಿ. ತೊಗಲು ಒಣಗಿತ್ತು, ಬದಲಾಯಿಸಿದೆ. ರೆಕಾರ್ಡ್ ಪ್ಲೇಟಿನ ಅಂಚಿಗೆ ಕಾಗದದ ಚೂರು ಸಿಕ್ಕಿಸಿ, ಅಂಗಡಿ ಮಾಲೀಕರ ಗಡಿಯಾರ ಎದುರಿಗಿಟ್ಟುಕೊಂಡು, ಆ ಚೂರು ನಿಮಿಷಕ್ಕೆ ಎಷ್ಟು ಸಲ ಹಾಯುತ್ತದೆ ಎಂದು ಎಣಿಸಿದೆ. ಎಪ್ಪತ್ತೆಂಟು. ಪುಸ್ತಕದಲ್ಲಿ ಬರೆದಿರುವುದೂ ಎಪ್ಪತ್ತೆಂಟು. ಎದೆಯುಬ್ಬಿಸಿ ಗೌಡರ ಪ್ಲೇಟು ಹಾಕಿದೆ. ಗೌಡರು ಅರ್ಧ ಹಾಡು ಕೇಳಿ, "ಇದು ನಮ್ಮನೆ ಪ್ಲೇಟಲ್ಲ ಕಣ್ಲಾ, ಬದ್ಲಾಯಿಸ್ಬುಟ್ಟಿದೀಯ" ಎಂದರು.

ಅಷ್ಟರಲ್ಲಿ ಅವರು ಕೈ ಒರೆಸಿಕೊಳ್ಳುತ್ತ ಬಂದರು. ನಾನು ಎಣಿಸಿದ್ದು ಸರಿ ಎಂದು ಅವರೂ ಎಣಿಸಿ ನೋಡಿ ಒಪ್ಪಿದರು. ಆಮೇಲೆ ಗೌಡರನ್ನು ಕೇಳಿದರು: "ಮನೇಲಿ ಜಾಸ್ತಿ ಹಾಕೋದು ಇದೇ ಪ್ಲೇಟೇನಾ?"

"ಇದೇ ಸಾ. ನಮ್ಮವ್ವಂಗೆ ಇದೊಂದೇ."

ಅವರು ಕಣ್ಣು ಮುಚ್ಚಿ ವೇಗದ ಮುಳ್ಳನ್ನು ಕೂದಲೆಳೆಯಷ್ಟು ಹಿಂದಕ್ಕೆ ತಳ್ಳಿದರು. ಗೌಡರ ಮುಖ ಅರಳಿತು. "ಆಂ, ಈಗ ಬಂದ್ಲು ನೋಡಿ" ಎಂದರು, ಮುನಿಸಿಕೊಂಡು ತವರಿಗೆ ಹೋದವಳು ವಾಪಸ್ಸು ಬಂದಂತೆ.

ಗೌಡರು ಹೋದ ಮೇಲೆ ನಾನು ಜಗಳಕ್ಕೇ ನಿಂತೆ. "ಪುಸ್ತಕದಲ್ಲಿ ಎಪ್ಪತ್ತೆಂಟು ಅಂತಿದೆ ಅಣ್ಣ."

"ಪುಸ್ತಕ ಹಾಡಲ್ವಲ್ಲಪ್ಪ. ಇವು ಹಳೇ ಪ್ಲೇಟು. ಹಾಡಿದ ದಿವಸ ಅಲ್ಲಿ ಮಿಷನ್ ಎಷ್ಟು ತಿರುಗ್ತಿತ್ತೋ ಅಷ್ಟೇ ಇವಕ್ಕೆ ಸರಿ. ಒಂದು ಎಪ್ಪತ್ತಾರು ಇರುತ್ತೆ, ಒಂದು ಎಂಬತ್ತಿರುತ್ತೆ. ಮನೆಯವರ ಕಿವೀಗೆ ಗೊತ್ತಿರುತ್ತೆ, ಕೇಳ್ಬೇಕು ಅಷ್ಟೆ."

ಇದನ್ನು ಅವರು ಜಂಬದಿಂದ ಹೇಳಿದ್ದರೆ ನನಗೆ ಎಷ್ಟು ಸುಖವಾಗುತ್ತಿತ್ತು. ಜಂಬವೇ ಇಲ್ಲದವರ ಮೇಲೆ ಹೊಟ್ಟೆಕಿಚ್ಚು ಪಡುವುದು ಬಹಳ ಕಷ್ಟದ ಕೆಲಸ. ಹಿಡಿದುಕೊಳ್ಳಲು ಎಲ್ಲಿಯೂ ಕೊಂಡಿ ಸಿಗುವುದಿಲ್ಲ.

ಇನ್ನೊಂದು ವಿಷಯ. ಹಳ್ಳಿಯ ಬಾಕ್ಸುಗಳು ಅಟ್ಟದಿಂದ ಇಳಿದು ಬರುವಾಗ ಒಳಗೆ ಸಂಸಾರಗಳೇ ಇರುತ್ತಿದ್ದವು. ಇರುವೆ, ಜಿರಲೆ, ಒಂದೊಂದು ಸಲ ಚೇಳು. ಅವರು ಮೋಟಾರು ಬಿಚ್ಚುವ ಮೊದಲು ಮುಚ್ಚಳ ತೆಗೆದು, ಬಾಕ್ಸನ್ನು ಜಗಲಿಯ ನೆರಳಲ್ಲಿಟ್ಟು, ಬೇರೆ ಕೆಲಸ ನೋಡುತ್ತಿದ್ದರು. ಒಳಗಿದ್ದವು ತಾವಾಗಿ ಹೊರಟ ಮೇಲೆಯೇ ಸ್ಕ್ರೂಡ್ರೈವರ್.

"ಇರುವೆಗಳಿಗೆ ನೋಟೀಸ್ ಕೊಟ್ಟಿದ್ದೀರಾ ಅಣ್ಣ?" ಎಂದು ಎಲ್ಲರೂ ನಗಲೆಂದು ಒಮ್ಮೆ ಕೇಳಿದೆ.

"ಕೊಟ್ಟಿದೀನಿ. ಮಧ್ಯಾಹ್ನಕ್ಕೆ ಖಾಲಿ ಮಾಡ್ತವಂತೆ, ಸಾಮಾನು ಸಾಗಿಸ್ತಾವೆ" ಎಂದರು ತಲೆಯೆತ್ತದೆ.

ಎಲ್ಲರೂ ನಕ್ಕರು, ನನ್ನ ಮಾತಿಗಲ್ಲ. ತಮಾಷೆಯೊಂದು ನನ್ನ ಸ್ವಂತ ಆಸ್ತಿ ಎಂದುಕೊಂಡಿದ್ದೆ. ಅದರ ಬೇಲಿಯನ್ನೂ ಅವರು ಹಾರಿಬಿಟ್ಟರು.

ಅವರಂತೆ ನಾನೂ ಒಂದು ಬಾಕ್ಸನ್ನು ಹೊರಗಿಟ್ಟೆ. ಅವರು ನೆರಳಿನಲ್ಲಿಡುತ್ತಿದ್ದರೆಂಬುದು ನನ್ನ ತಲೆಗೆ ಹೊಳೆಯಲಿಲ್ಲ. ಬಿಸಿಲಲ್ಲಾದರೆ ಜಿರಲೆ ಬೇಗ ಹೊರಡುತ್ತದೆಂದು ನಡುಬಿಸಿಲಲ್ಲಿಟ್ಟೆ. ಜಿರಲೆ ಹೊರಡಲಿಲ್ಲ. ಮುಚ್ಚಳದಲ್ಲಿದ್ದ ಎರಡು ಪ್ಲೇಟು ಮಾತ್ರ ಬಾಗಿ, ಮುದುರಿ, ಹಪ್ಪಳವಾದವು. ಮಾಲೀಕರು ಒಂದನ್ನು ಎತ್ತಿ ಹಿಡಿದು, "ಲೇ, ಎಣ್ಣೆಗ್ ಬುಟ್ಟಿದ್ರೆ ಊಟಕ್ಕಾದ್ರೂ ಆಗೋದು" ಎಂದರು. ಪಕ್ಕದ ಸ್ಟೂಲಿನವರು ಎದ್ದು ಬಂದರು. ಎರಡು ಗಾಜಿನ ಹಲಗೆಯ ಮಧ್ಯೆ ಆ ಪ್ಲೇಟುಗಳನ್ನಿಟ್ಟು, ಬೆಚ್ಚಗೆ ಮಾಡಿ, ಮೇಲೆ ತೂಕ ಹೇರಿ, ಸಂಜೆಯೊಳಗೆ ಚಪ್ಪಟೆ ಮಾಡಿಕೊಟ್ಟರು. ಅವತ್ತು ನನಗೆ ಜ್ವರ ಬಂದಂತಾಯಿತು.

ಹೀಗಿರುವಾಗ ಒಂದು ಮಾಘಮಾಸದಲ್ಲಿ ಅವರು ಮಾಲೀಕರಿಗೆ "ಎರಡು ದಿವಸ ಬರೋದಿಲ್ಲ" ಎಂದರು. ಕಾರಣ ಹೇಳಲಿಲ್ಲ. ಅಷ್ಟು ವರ್ಷದಲ್ಲಿ ಒಂದು ದಿನವೂ ತಪ್ಪಿಸದ ಮನುಷ್ಯ. ಹೋಗುವಾಗ ತಮ್ಮ ಎಣ್ಣೆ ಡಬ್ಬಿಯನ್ನು ಮೇಜಿನ ನಡುವೆ ಇಟ್ಟು, "ಬೇಕಾದ್ರೆ ತಕೋ" ಎಂದರು. ಆ ಡಬ್ಬಿಯಲ್ಲಿ ಹೊಲಿಗೆ ಮಿಷನ್ನಿಗೆ ಹಾಕುವಂಥ ತೆಳ್ಳನೆಯ ಎಣ್ಣೆ ಇರುತ್ತಿತ್ತು.

ಮಾರನೆಯ ದಿನ ಹೊಳೆನರಸೀಪುರದ ತೆಂಗಿನಕಾಯಿ ಮಂಡಿಯ ಸಾಹುಕಾರರು ಬಂದರು. ಕೂಲಿಯವನ ತಲೆಯ ಮೇಲೆ ದೊಡ್ಡ ತುತ್ತೂರಿಯ ಬಾಕ್ಸು. ನಾನು "ಅವ್ರಿಲ್ಲ ಸಾ" ಎಂದು ಹೇಳಲು ಬಾಯಿ ತೆರೆದೆ. ಸಾಹುಕಾರರು ಅವರ ಸ್ಟೂಲಿನ ಕಡೆ ನೋಡಲೇ ಇಲ್ಲ.

"ತಕೊಳ್ಳಪ್ಪ" ಎಂದರು. "ಮಗಳ ಮದ್ವೆ. ನಾಡಿದ್ದು ಬೆಳಿಗ್ಗೆ ಬೀಗ್ರು ಬಂದಿಳೀತಾರೆ, ಅಷ್ಟೊತ್ತಿಗೆ ಆರತಿ ಆಡು ಆಕ್ಬೇಕು. ಇದು ಒಂದ್ಸಾರಿ ಓಡ್ತದೆ ಒಂದ್ಸಾರಿ ತೆವುಳ್ತದೆ. ನೀನೇ ಮಾಡಿ ನೀನೇ ತಕಂಬಂದು ನುಡುಸ್ಬೇಕು."

"ನಾನಾ ಸಾ?"

"ನೀನೇ ಕಣಪ್ಪ, ಮತ್ತ್ಯಾರು?" ಎಂದು, ಅಂಗಡಿಯವರಿಗಿರಲಿ ಎಂದು ಒಂದು ಶೀಸೆ ಕೊಬ್ಬರಿ ಎಣ್ಣೆಯನ್ನೂ ಇಟ್ಟು ಹೊರಟರು.

ನನ್ನ ಕೀರ್ತಿ ಹೇಮಾವತಿ ದಾಟಿ ಹೊಳೆನರಸೀಪುರಕ್ಕೆ ಮುಟ್ಟಿದೆ ಎಂದು ನನಗೆ ಸಂದೇಹವೇ ಉಳಿಯಲಿಲ್ಲ. ಮೋಟಾರು ಬಿಚ್ಚಿದೆ. ಗೌರ್ನರಿನ ಮೂರು ಪಟ್ಟಿಯಲ್ಲಿ ಒಂದು ಬಿರುಕು ಬಿಟ್ಟಿತ್ತು. ಮೂರೂ ಒಂದೇ ತೂಕಕ್ಕೆ, ಒಂದೇ ಬಾಗಿಗೆ ಇರಬೇಕು. ಕೂದಲಷ್ಟು ಹೆಚ್ಚುಕಡಿಮೆಯಾದರೂ ಕಡ್ಡಿ ನಡುಗುತ್ತದೆ. ಬೆಳಿಗ್ಗೆಯಿಂದ ಮಧ್ಯಾಹ್ನದವರೆಗೆ ಕೂತು ಪಟ್ಟಿ ಕತ್ತರಿಸಿ, ತೂತು ಕೊರೆದು, ಕೂರಿಸಿದೆ. ನಡುಗಲಿಲ್ಲ. ಇದೊಂದು ಮಾತನ್ನು ನೀವು ತಮಾಷೆ ಎಂದುಕೊಳ್ಳಬೇಡಿ. ಆ ಪಟ್ಟಿ ನಿಜವಾಗಿ ಚೆನ್ನಾಗಿತ್ತು.

ಇನ್ನು ಎಣ್ಣೆ. ಅವರ ಡಬ್ಬಿ ಮೂಗಿನ ಕೆಳಗೇ ಇತ್ತು. ಅದರಿಂದ ಒಂದು ತೊಟ್ಟು ಹಾಕಿದರೂ ಅರ್ಧ ಕೀರ್ತಿ ಅವರಿಗೆ ಸೋರಿಹೋಗುತ್ತದೆ ಎನಿಸಿತು. ಸಾಹುಕಾರರ ಶೀಸೆ ತೆಗೆದೆ. ಒಂದನೇ ನಂಬರಿನ ಎಣ್ಣೆ, ನೀರಿನ ಹಾಗಿತ್ತು. ತೊಗಲಿಗೆ ಕುಡಿಸಿದೆ, ಹಲ್ಲುಚಕ್ರಗಳಿಗೆ ಬಿಟ್ಟೆ, ಉಳಿದದ್ದನ್ನು ತಲೆಗೆ ತಟ್ಟಿಕೊಂಡೆ. ತಗಡಿನ ಸೂರಿನ ಕೆಳಗೆ ಮಧ್ಯಾಹ್ನದ ಸೆಕೆಗೆ ಬಾಕ್ಸು ರೇಷ್ಮೆಯ ಹಾಗೆ ತಿರುಗಿತು. ಎಪ್ಪತ್ತೆಂಟು.

ಮಾಘದ ಬೆಳಿಗ್ಗೆ ನಮ್ಮ ಸೀಮೆಯಲ್ಲಿ ಕೊಬ್ಬರಿ ಎಣ್ಣೆ ಏನಾಗುತ್ತದೆಂದು ತಲೆ ಬಾಚುವ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ನಮ್ಮಮ್ಮ ದಿನಾ ಶೀಸೆಯನ್ನು ಒಲೆಯ ಪಕ್ಕ ಇಟ್ಟು ಕರಗಿಸಿ ನನ್ನ ತಲೆಗೆ ಹಚ್ಚುತ್ತಿದ್ದಳು. ಆ ತಲೆಯೊಳಕ್ಕೆ ಮಾತ್ರ ಅದು ಇಳಿದಿರಲಿಲ್ಲ.

ಮದುವೆಯ ದಿನ ಬೆಳಿಗ್ಗೆ ಏಳು ಗಂಟೆ. ಹೊಳೆಯ ಕಡೆಯಿಂದ ಮಂಜು ಚಪ್ಪರದೊಳಕ್ಕೇ ನುಗ್ಗಿತ್ತು. ಅರಕಲಗೂಡಿನಿಂದ ಬೀಗರ ಬಸ್ಸು ಬಂದು ನಿಂತಿತು. ಆರತಿ ತಟ್ಟೆ ಎದ್ದಿತು. ಸಾಹುಕಾರರು ನನಗೆ ಸನ್ನೆ ಮಾಡಿದರು. ನಾನು ಪ್ಲೇಟಿನ ಮೇಲೆ ಸೂಜಿ ಇಳಿಸಿದೆ. ತುತ್ತೂರಿಯೊಳಗಿಂದ ಕೆಸರಿನಲ್ಲಿ ಸಿಕ್ಕಿಕೊಂಡ ಎಮ್ಮೆಯೊಂದು ಲಕ್ಷ್ಮಿಯನ್ನು ಕರೆಯತೊಡಗಿತು.

ವಾಲಗದವನು ನಾಗಸ್ವರ ಕೆಳಗಿಟ್ಟು, "ಈ ಸುರುತಿಗೆ ನನ್ ತಾವ ವಾಲಗ ಇಲ್ಲ ಸಾ" ಎಂದ. ನಾನು ಕೀ ಕೊಟ್ಟೆ, ಇನ್ನೂ ಕೊಟ್ಟೆ. ವೇಗದ ಮುಳ್ಳನ್ನು ತುದಿಗೆ ತಳ್ಳಿದೆ. ಎಮ್ಮೆ ಏದುಸಿರು ಬಿಡುತ್ತ ಹೇಗೋ ದಡ ಹತ್ತಿತು. ಹೆಂಗಸಿನ ದನಿಯ ಹತ್ತಿರ ಹತ್ತಿರ ಬಂದಿತು. ಅಲ್ಲಿಗೆ ಅವಮಾನ ಮುಗಿಯಿತು ಎಂದುಕೊಂಡು, ಪ್ಲೇಟು ಬದಲಿಸುವ ಕೆಲಸವನ್ನು ಅಲ್ಲಿದ್ದ ಮನೆಯವರೊಬ್ಬರಿಗೆ ಒಪ್ಪಿಸಿ ಉಪ್ಪಿಟ್ಟಿಗೆ ಹೋದೆ. ಎರಡು ಸಲ ಹಾಕಿಸಿಕೊಂಡೆ. ಮೂರನೆಯದಕ್ಕೆ ಕೂತಿದ್ದಾಗ ಬಿಸಿಲು ಚಪ್ಪರದ ಸಂದಿಯಿಂದ ಬಾಕ್ಸಿನ ಮೇಲೆ ಬಿದ್ದಿತು. ಒಳಗೆ ಎಣ್ಣೆ ಕರಗಿತು. ವೇಗದ ಮುಳ್ಳು ಮಾತ್ರ ತುದಿಯಲ್ಲೇ ಇತ್ತು.

ಅಡುಗೆಮನೆಯ ತನಕ ಕೇಳಿಸಿದ್ದು ಹಾಡಲ್ಲ, ಕೀಚು. ಓಡಿಬಂದೆ. ಬೀಗರ ಕಡೆಯ ಅಜ್ಜಿಯೊಬ್ಬರು ಕರುಣೆಯಿಂದ ತುತ್ತೂರಿಯನ್ನೇ ನೋಡುತ್ತ, "ಪಾಪ, ಇವ್ಳಿಗೆ ಯಾವ್ ಬಸ್ಸಿಗೆ ಒತ್ತಾಗೈತೋ ಏನೋ, ಕಳ್ಸಿಕೊಡ್ರವ್ವ" ಎನ್ನುತ್ತಿದ್ದರು. ಮುಳ್ಳು ಹಿಂದಕ್ಕೆಳೆದೆ. ಮೋಡ ಬಂದು ಬಿಸಿಲು ಹೋಯಿತು, ಮತ್ತೆ ಎಮ್ಮೆ. ಬಿಸಿಲು ಬಂತು, ಅಳಿಲು. ಆವತ್ತು ಬೆಳಿಗ್ಗೆ ಆ ಬಾಕ್ಸಿಗೆ ಗೌರ್ನರ್ ನಾನೇ. ಬಾಯಲ್ಲಿ ಉಪ್ಪಿಟ್ಟು, ಕೈಯಲ್ಲಿ ಮುಳ್ಳು, ಕಣ್ಣು ಆಕಾಶದಲ್ಲಿ.

ಒಂಬತ್ತು ಗಂಟೆಯ ಬಸ್ಸಿಗೆ ಪಕ್ಕದ ಸ್ಟೂಲಿನವರು ಇಳಿದರು. ಸಾಹುಕಾರರು ಅವರನ್ನೂ ಮದುವೆಗೆ ಕರೆದಿದ್ದರು. ಬಂದವರೇ ಬಾಕ್ಸಿನ ಮುಚ್ಚಳ ತೆಗೆದರು. ಮೋಟಾರಿಗೆ ಬೆರಳು ತಗುಲಿಸಿ ಮೂಸಿ ನೋಡಿದರು. ಬಾಕ್ಸನ್ನು ಉಗ್ರಾಣಕ್ಕೆ ಸಾಗಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒಂದೊಂದೇ ಭಾಗ ಒರೆಸಿ, ಜೇಬಿನ ಪೊಟ್ಟಣದಿಂದ ಹೊಸ ತೊಗಲಿನ ಚೂರು ತೆಗೆದು ಕೂರಿಸಿ, ಬರುವಾಗ ಅಂಗಡಿಯಿಂದ ತಂದಿದ್ದ ತಮ್ಮ ಡಬ್ಬಿಯ ಎಣ್ಣೆ ಎರಡು ತೊಟ್ಟು ಬಿಟ್ಟರು. ನಾನು ಪಕ್ಕದಲ್ಲಿ ದೀಪದ ಕಂಬದ ಹಾಗೆ ನಿಂತಿದ್ದೆ.

ಸಾಹುಕಾರರು ಕೆಂಪಗಾಗಿ ಒಳಗೆ ಬಂದರು. "ಏನ್ ಮಾಡವ್ನೆ ಇವ್ನು?"

"ಪಟ್ಟಿ ಚೆನ್ನಾಗಿ ಹಾಕಿದಾನೆ. ನಾನಾದ್ರೂ ಇಷ್ಟೇ ಹಾಕ್ತಿದ್ದೆ. ಎಣ್ಣೆ ಮಾತ್ರ ಬೇರೆ ಆಗ್ಬೇಕಿತ್ತು, ಚಳಿಗೆ ಹೆಪ್ಪುಗಟ್ಟಿದೆ."

"ಯಾವ್ ಎಣ್ಣೆ ಆಕವ್ನೆ?"

ಅವರು ನನ್ನ ಕಡೆ ನೋಡಿದರು. ಅವರು ಸುಳ್ಳು ಹೇಳುವವರಲ್ಲ, ಚಾಡಿಯನ್ನೂ ಹೇಳುವವರಲ್ಲ. ನಾನೇ ಹೇಳಿದೆ: "ನಿಮ್ದೇ ಸಾ. ಒಂದನೇ ನಂಬರ್ ಕೊಬ್ಬರಿ ಎಣ್ಣೆ."

ಸಾಹುಕಾರರ ಬೈಗುಳ ಗಂಟಲಲ್ಲೇ ನಿಂತಿತು. ಬೀಗರೆಲ್ಲ ಮಂಡಿಯ ವ್ಯಾಪಾರಿಗಳು, ಉಗ್ರಾಣದ ಬಾಗಿಲಲ್ಲೇ ಕಿವಿ ಕೊಟ್ಟು ನಿಂತಿದ್ದರು. ಸಾಹುಕಾರರು ಸುತ್ತ ನೋಡಿ, "ಎಣ್ಣೆದೇನೂ ತಪ್ಪಿಲ್ಲ. ಕಲಬೆರಕೆ ಇಲ್ದಿದ್ರೇನೆ ಅಂಗ್ ಗಟ್ಟಿಯಾಗೋದು" ಎಂದು ಘೋಷಿಸಿ ಹೊರಟುಹೋದರು.

ಮುಹೂರ್ತಕ್ಕೆ ಬಾಕ್ಸು ಹಾಡಿತು. ಆ ಹೆಂಗಸು ಕೊನೆಗೂ ಹೆಂಗಸಾದಳು. ಜನ ಮದುಮಗನಿಗಿಂತ ಹೆಚ್ಚಾಗಿ ಅವರನ್ನು ನೋಡಿದರು.

ವಾಪಸ್ಸು ಬಸ್ಸಿನಲ್ಲಿ ಕಿಟಕಿಯ ಸೀಟನ್ನು ನನಗೇ ಬಿಟ್ಟುಕೊಟ್ಟರು. ನಾನು ಹೊರಗಿನ ತೆಂಗಿನ ಮರಗಳನ್ನೆಲ್ಲ ಶಪಿಸುತ್ತ ಕೂತಿದ್ದೆ.

"ಉಪ್ಪಿಟ್ಟು ಚೆನ್ನಾಗಿತ್ತಾ?"

"ಇತ್ತು."

"ಆ ಥರ ಪಟ್ಟಿ ಕೂರಿಸೋದಕ್ಕೆ ನಂಗೆ ಐದು ವರ್ಷ ಬೇಕಾಯ್ತು."

ನಾನು ಇನ್ನೊಂದು ತೆಂಗಿನ ಮರವನ್ನು ಶಪಿಸಿದೆ. ಹೊಗಳಿದರೂ ಉರಿಯುವ ಸ್ಥಿತಿಗೆ ಬಂದಿದ್ದೆ.

ಅವರೇ ಮತ್ತೆ ಕೇಳಿದರು: "ಎಣ್ಣೆ ಡಬ್ಬಿ ಟೇಬಲ್ ಮೇಲೇ ಇಟ್ಟಿದ್ನಲ್ಲಪ್ಪ?"

"ಕಾಣಿಸ್ಲಿಲ್ಲ ಅಣ್ಣ."

"ಹೂಂ" ಎಂದರು. ಜೇಬಿನ ತೊಗಲಿನ ಪೊಟ್ಟಣವನ್ನು ತೆಗೆದು ಮತ್ತೆ ಮಡಿಸಿಟ್ಟುಕೊಂಡರು.

ಆ ಮೇಲೆ ಇನ್ನೂ ಆರೇಳು ವರ್ಷ ಅಕ್ಕಪಕ್ಕ ಕೂತೆವು. ನಾನು ಕಲಿತೆ. ಗಿರಾಕಿಗಳು ನನಗೂ ಬಾಕ್ಸು ಕೊಡತೊಡಗಿದರು. ಆದರೆ ಹೊಟ್ಟೆಕಿಚ್ಚು ಹೋಯಿತು ಎಂದು ಹೇಳಿದರೆ ನೀವು ನಂಬಬೇಡಿ. ಒಂದೊಂದು ಬಾಕ್ಸು ಮುಗಿಸಿದಾಗಲೂ ಓರೆಗಣ್ಣಿನಿಂದ ಅವರ ಮುಖ ನೋಡುತ್ತಿದ್ದೆ. ಆಮೇಲೆ ಊರಿಗೆಲ್ಲ ರೇಡಿಯೋ ಬಂದು, ಬಾಕ್ಸುಗಳು ಮತ್ತೆ ಅಟ್ಟ ಹತ್ತಿದವು. ಅವರು ಚನ್ನರಾಯಪಟ್ಟಣಕ್ಕೆ ಹೋಗಿ ಅಣ್ಣತಮ್ಮಂದಿರ ಪಾತ್ರೆ ಅಂಗಡಿಯಲ್ಲಿ ಕೂತರು. ನಾನು ರೇಡಿಯೋ ರಿಪೇರಿ ಕಲಿತೆ. ಅದರಲ್ಲಿ ಗೌರ್ನರ್ ಇಲ್ಲ. ಬೈಯಲು ಯಾರೂ ಇಲ್ಲ.

ತೀರಿಕೊಂಡ ಸುದ್ದಿ ಬಂದಾಗ ಬೆಳಗಿನ ಬಸ್ಸಿಗೆ ಹೋದೆ. ಮನೆಯ ಮುಂದೆ ಅರಕಲಗೂಡಿನವರು, ಹಿರೀಸಾವೆಯವರು, ಎಲ್ಲೆಲ್ಲಿಯವರೋ. ನಾನು ಸತ್ತರೆ ಇದರಲ್ಲಿ ಕಾಲುಭಾಗ ಬಂದಾರೇ ಎಂದು ಲೆಕ್ಕ ಹಾಕುತ್ತ ನಿಂತಿದ್ದೆ. ಅಲ್ಲೂ ಬಿಡಲಿಲ್ಲ ನೋಡಿ ನನ್ನ ಬುದ್ಧಿ.

ಎಲ್ಲ ಮುಗಿಸಿ ಬಸ್ ಸ್ಟ್ಯಾಂಡಿಗೆ ಬಂದಾಗ ಹೊಳೆನರಸೀಪುರದ ಸಾಹುಕಾರರು ಸಿಕ್ಕರು. ಕೂದಲೆಲ್ಲ ಬೆಳ್ಳಗಾಗಿತ್ತು. ಹೋ‍ಟೆಲಿನಲ್ಲಿ ಎದುರುಬದುರು ಕೂತು ಕಾಫಿ ಕುಡಿದೆವು. ನಗಿಸಲೆಂದು ನಾನೇ ಕೊಬ್ಬರಿ ಎಣ್ಣೆಯ ಮಾತೆತ್ತಿ, "ಎಷ್ಟಾದರೂ ಅವರಿಲ್ಲದಾಗ ನೀವು ನನ್ನನ್ನೇ ಹುಡುಕಿಕೊಂಡು ಬಂದಿರಲ್ಲ ಸಾಹುಕಾರ್ರೆ, ನನಗೆ ಮೊದಲ ಬಾಕ್ಸು ಕೊಟ್ಟವರು ನೀವು" ಎಂದೆ.

ಸಾಹುಕಾರರು ಲೋಟ ಕೆಳಗಿಟ್ಟರು.

"ನಿನ್ನ ಯಾಕಪ್ಪ ಉಡುಕ್ಕಂಡ್ ಬರ್ಲಿ? ನಾನು ಮೊದ್ಲು ಬಾಕ್ಸ್ ತಕಂಡೋಗಿದ್ದು ಅವ್ರ ಮನೇಗೇಯ. ಅವ್ರು ಎಲ್ಲೂ ಓಗಿರ್ಲಿಲ್ಲ, ಹಾಸನದಲ್ಲೇ ಜಗಲಿ ಮೇಲೆ ಸುಮ್ನೆ ಕುಂತಿದ್ರು. ಬಾಕ್ಸ್ ಮುಟ್ಲಿಲ್ಲ. ಅಂಗಡೀಗ್ ಓಗಿ ಆ ಹುಡುಗನ್ ಕೈಗೇ ಕೊಡಿ, ನನ್ ಹೆಸರು ಎತ್ತಬೇಡಿ ಅಂದ್ರು. ಮಗಳ ಮದ್ವೆ ಸಾ, ನೀವೇ ಮಾಡ್ಕೊಡಿ ಅಂತ ಕೈ ಮುಗ್ದೆ. ಅದಕ್ಕೆ ಅವ್ರು ಏನಂದ್ರು ಗೊತ್ತಾ? 'ಅವನ ಕೈ ಒಳ್ಳೇದು ಸಾಹುಕಾರ್ರೆ. ಆದ್ರೆ ನಾನು ಪಕ್ಕದಲ್ಲಿ ಕೂತಿರೋ ತನಕ ಅವನು ಬಾಕ್ಸ್ ನೋಡಲ್ಲ, ನನ್ನೇ ನೋಡ್ತಿರ್ತಾನೆ.'"